ಹೊರದೇಶದ ಕೆಲಸಕ್ಕೆ ಕಾಗದ ಸಿದ್ಧ ಮಾಡುವಾಗ: ಆ ಸೀಲು ಏನು ಹೇಳುತ್ತದೆ?

ಈಗ ಕ್ಯಾಮೆರಾ ಮುಂದೆ ಇರುವುದು ನನ್ನ ಕಾಗದಗಳು. ಡಿಗ್ರಿ ಸರ್ಟಿಫಿಕೇಟ್, ಮಾರ್ಕ್ಸ್ ಕಾರ್ಡ್, ಜನನ ಪ್ರಮಾಣಪತ್ರ, ಪೊಲೀಸ್ ಕ್ಲಿಯರೆನ್ಸ್, ಹಳೆಯ ಕಂಪನಿ ಕೊಟ್ಟ ಅನುಭವ ಪತ್ರ. ಹೆಸರು, ನಂಬರು ಎಲ್ಲವನ್ನೂ ಬ್ಲರ್ ಮಾಡಿದ್ದೇನೆ. ನೀವೂ ಇಂಥ ಕಾಗದದ ಫೋಟೋ ಯಾರಿಗೂ ಸುಮ್ನೆ ಕಳಿಸಬೇಡಿ.

ಕೆಲಸ ಸಿಕ್ಕ ಖುಷಿಯಲ್ಲಿ ಇರುವಾಗ ಕಂಪನಿಯಿಂದ ಒಂದು ಸಾಲು ಬರುತ್ತದೆ: ದಾಖಲೆ ಅಟೆಸ್ಟ್ ಮಾಡಿಸಿ ಕಳಿಸಿ. ಯಾವ ದಾಖಲೆ? ಯಾರಿಂದ? ಮೂಲ ಪ್ರತಿಯ ಮೇಲೋ, ಜೆರಾಕ್ಸ್ ಮೇಲೋ? ಅನುವಾದ ಬೇಕೋ? ಇದನ್ನೆಲ್ಲ ಇಮೇಲ್‌ನಲ್ಲೇ ಕೇಳಿ, ಬರಹದಲ್ಲೇ ಉತ್ತರ ಪಡೆಯಿರಿ. ಕೇಳಿದರೆ ಏನಂದುಕೊಳ್ಳುತ್ತಾರೋ ಎಂಬ ಸಂಕೋಚ ಬೇಡ. ಅವರಿಗೆ ಇದು ದಿನನಿತ್ಯದ ಪ್ರಶ್ನೆ.

ಇಷ್ಟೊಂದು ಸೀಲು ಯಾಕೆ ಬೇಕು ಅಂತ ಅನಿಸುತ್ತದೆ, ಅಲ್ವಾ? ನಿಮ್ಮ ಡಿಗ್ರಿ ಮೇಲೆ ವಿಶ್ವವಿದ್ಯಾಲಯದ ಅಧಿಕಾರಿಯ ಸಹಿ ಇದೆ. ಎಲ್ಲೋ ದೂರದ ದೇಶದಲ್ಲಿ ಕೂತವರಿಗೆ ಆ ಸಹಿ ಅಸಲಿಯೋ ನಕಲಿಯೋ ಗೊತ್ತಾಗುವುದಾದರೂ ಹೇಗೆ? ಅದಕ್ಕೇ ಆ ಸಹಿಯನ್ನು ಬಲ್ಲವರು ಒಂದು ಸೀಲು ಹಾಕುತ್ತಾರೆ. ಆ ಸೀಲನ್ನು ಬಲ್ಲವರು ಇನ್ನೊಂದು ಹಾಕುತ್ತಾರೆ. ಹೀಗೆ ಸಾಗಿ ನಮ್ಮ ವಿದೇಶಾಂಗ ಇಲಾಖೆ, ಆಮೇಲೆ ಹೋಗುವ ದೇಶದ ಎಂಬೆಸಿ. ಕೆಲವು ದೇಶಗಳಲ್ಲಿ ಅಲ್ಲಿಗೆ ಹೋಗಿ ಇಳಿದ ಮೇಲೂ ಒಂದು ಸೀಲು ಬಾಕಿ ಇರುತ್ತದೆ.

ಈ ದಾರಿ ಚಿಕ್ಕದಾಗಲಿ ಎಂದೇ 1961ರ ಅಕ್ಟೋಬರ್ 5ರಂದು ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿ ಅಪೊಸ್ಟಿಲ್ ಒಪ್ಪಂದ ಆಯಿತು. ಅಪೊಸ್ಟಿಲ್ ಅಂದರೆ ಈ ಸೀಲುಗಳ ಸಾಲಿನ ಬದಲು ಸದಸ್ಯ ದೇಶಗಳು ಒಪ್ಪುವ ಒಂದು ದೃಢೀಕರಣ ಪತ್ರ. ಜಾರಿಗೆ ಬಂದದ್ದು 1965ರ ಜನವರಿ 24ಕ್ಕೆ. ಈಗ 120ಕ್ಕೂ ಹೆಚ್ಚು ದೇಶಗಳು ಇದರಲ್ಲಿವೆ. ದಾಖಲೆ ಹುಟ್ಟಿದ ದೇಶ, ಅದನ್ನು ತೋರಿಸಬೇಕಾದ ದೇಶ, ಎರಡೂ ಸದಸ್ಯರಾಗಿದ್ದರೆ ಸಾಮಾನ್ಯವಾಗಿ ಒಂದೇ ಅಪೊಸ್ಟಿಲ್ ಸಾಕು. ಎಂಬೆಸಿ ಬಾಗಿಲಿಗೆ ಹೋಗುವುದೇ ಬೇಡ. ಒಂದು ವಿಷಯ ಮಾತ್ರ ಗಮನಿಸಿ. ಹೊಸದಾಗಿ ಸೇರಿದ ದೇಶದ ಬಗ್ಗೆ ಹಳೆಯ ಸದಸ್ಯ ದೇಶ ಆಕ್ಷೇಪ ಹೇಳಬಹುದು. ಹೇಳಿದರೆ ಆ ಎರಡು ದೇಶಗಳ ನಡುವೆ ಅಪೊಸ್ಟಿಲ್ ನಡೆಯುವುದಿಲ್ಲ.

ಇನ್ನೊಂದು, ಹಳೆಯ ಮಾಹಿತಿಯನ್ನು ನಂಬಿ ಹೊರಡಬೇಡಿ. ಸೌದಿ ಅರೇಬಿಯಾದಲ್ಲಿ ಈ ಒಪ್ಪಂದ ಜಾರಿಯಾದದ್ದು 2022ರ ಡಿಸೆಂಬರ್‌ನಲ್ಲಿ. ಕೆನಡಾದಲ್ಲಿ 2024ರ ಜನವರಿ. ಅದಕ್ಕೂ ಮುಂಚೆ ಈ ದೇಶಗಳಿಗೆ ಹೋದ ಸ್ನೇಹಿತರು ಹೇಳುವ ದಾರಿ ಅವರ ಕಾಲಕ್ಕೆ ಸರಿ. ನಿಮಗೆ ಅದು ಸುಮ್ನೆ ಸುತ್ತಾಟ. ಈ ಒಪ್ಪಂದವನ್ನು ನೋಡಿಕೊಳ್ಳುವ ಹೇಗ್ ಸಂಸ್ಥೆಯ (HCCH) ವೆಬ್‌ಸೈಟಿನಲ್ಲಿ ಸದಸ್ಯ ದೇಶಗಳ ಪಟ್ಟಿ ಇದೆ, ಯಾರು ಯಾರಿಗೆ ಆಕ್ಷೇಪ ಹೇಳಿದ್ದಾರೆ ಅನ್ನುವುದೂ ಅಲ್ಲೇ ಇದೆ. ಮೊದಲು ಅದನ್ನು ನೋಡಿ.

ಸರಿ, ಈಗ ಈ ಚೌಕದ ಹತ್ತಿರ ಬನ್ನಿ. ಇದೇ ಅಪೊಸ್ಟಿಲ್. ಮೇಲೆ ಫ್ರೆಂಚ್ ಭಾಷೆಯ ಶೀರ್ಷಿಕೆ, ಕೆಳಗೆ 1ರಿಂದ 10ರವರೆಗೆ ಅಂಕಿ ಹಾಕಿದ ವಿವರಗಳು. ಯಾವ ದೇಶ, ಯಾರು ಸಹಿ ಹಾಕಿದ್ದಾರೆ, ಯಾವ ಹುದ್ದೆಯಲ್ಲಿದ್ದು ಹಾಕಿದ್ದಾರೆ, ದಾಖಲೆ ಮೇಲಿನ ಮೊಹರು ಯಾರದು. ಎಷ್ಟು ಹುಡುಕಿದರೂ ಒಳಗೆ ಬರೆದದ್ದು ನಿಜ ಎಂಬ ಮಾತು ಇಲ್ಲಿ ಸಿಗುವುದಿಲ್ಲ. ಸಹಿ ಅಸಲಿ, ಹುದ್ದೆ ಅಸಲಿ, ಮೊಹರು ಅಸಲಿ. ಅದರ ಮಾತು ಅಲ್ಲಿಗೆ ಮುಗಿಯಿತು.

ಈ ಒಂದು ವಿಷಯ ತಲೆಗೆ ಹೋದರೆ ಉಳಿದ ಗೊಂದಲ ಬಹಳಷ್ಟು ಬಿಡುತ್ತದೆ. ಅನುಭವ ಪತ್ರವನ್ನೇ ನೋಡಿ. ಅದಕ್ಕೆ ಸಹಿ ಹಾಕಿದ್ದು ಖಾಸಗಿ ಕಂಪನಿಯ ಮ್ಯಾನೇಜರ್. ಅವರ ಸಹಿ ಸರ್ಕಾರದ ಬಳಿ ಇರುವುದಿಲ್ಲ. ಅದಕ್ಕೆ ಮೊದಲು ನೋಟರಿ, ಆಮೇಲೆ ಅಪೊಸ್ಟಿಲ್. ಆಗ ಅಪೊಸ್ಟಿಲ್ ಖಾತ್ರಿ ಕೊಡುವುದು ನೋಟರಿಯ ಸಹಿಗೆ, ನಿಮ್ಮ ಅನುಭವಕ್ಕಲ್ಲ. ಹೊಸ ಕಂಪನಿಯವರು ಹಳೆಯ ಕಂಪನಿಗೆ ಫೋನ್ ಮಾಡಿ ವಿಚಾರಿಸಿದರೆ ಬೇಸರ ಮಾಡಿಕೊಳ್ಳಬೇಡಿ. ಅವರಿಗೆ ಬೇರೆ ದಾರಿಯೇ ಇಲ್ಲ. ಡಿಗ್ರಿಯದೂ ಹೀಗೇ. ಅಪೊಸ್ಟಿಲ್ ಆಯಿತು ಎಂದರೆ ಆ ದೇಶ ನಿಮ್ಮ ಓದನ್ನು ತಮ್ಮ ಡಿಗ್ರಿಗೆ ಸಮ ಎಂದು ಒಪ್ಪಿತು ಅಂತ ಅಲ್ಲ. ಅದಕ್ಕೆ ಬೇರೆ ಅರ್ಜಿ, ಬೇರೆ ಕಚೇರಿ. ನರ್ಸ್, ಡಾಕ್ಟರ್ ಕೆಲಸಕ್ಕೆ ಹೋಗುವವರಿಗೆ ಲೈಸೆನ್ಸ್ ಕೂಡ ಬೇಕಾಗುತ್ತದೆ. ಎಲ್ಲಾ ಸೀಲು ಆಯಿತು, ಇನ್ನೇನು ಹೊರಡುವುದೇ ಅಂತ ಕೂತವರು ಇಲ್ಲಿ ಬಂದು ನಿಂತುಬಿಡುವುದನ್ನು ನೋಡಿದರೆ ನನಗೆ ನಿಜವಾಗಿಯೂ ಸಂಕಟ ಆಗುತ್ತದೆ. ಈ ವಿಡಿಯೋ ಮಾಡಿದ್ದೇ ಅದಕ್ಕೆ.

ಕಾಗದವನ್ನು ನೋಡಿಕೊಳ್ಳುವ ಬಗ್ಗೆಯೂ ಹೇಳಬೇಕು. ಮೂಲ ಪ್ರತಿಗೆ ಲ್ಯಾಮಿನೇಶನ್ ಮಾಡಿಸಬೇಡಿ, ಪ್ಲಾಸ್ಟಿಕ್ ಮೇಲೆ ಸೀಲು ಕೂರುವುದಿಲ್ಲ. ಅಪೊಸ್ಟಿಲ್ ಹಾಳೆಯನ್ನು ದಾಖಲೆಗೆ ಪಿನ್ ಹೊಡೆದು ಸೇರಿಸಿದ್ದರೆ ಸ್ಕ್ಯಾನ್ ಮಾಡಲಿಕ್ಕೆಂದು ಆ ಪಿನ್ ಬಿಚ್ಚಬೇಡಿ. ಬಿಚ್ಚಿದ ಗುರುತು ಕಂಡರೆ ಹಾಳೆ ಬದಲಾಯಿಸಿದ್ದಾರೆ ಎಂಬ ಅನುಮಾನ ಬರುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದು ಹೆಸರು, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಇದ್ದರೆ ಅದನ್ನು ಮೊದಲು ಸರಿಮಾಡಿಸಿ. ಸೀಲು ಬಿದ್ದ ಮೇಲೆ ತಿದ್ದಿಸಲು ಹೋದರೆ ಎಲ್ಲವೂ ಮೊದಲಿನಿಂದ ಶುರು. ಅನುವಾದ ಬೇಕಿದ್ದರೆ ಸಾಮಾನ್ಯವಾಗಿ ಅಪೊಸ್ಟಿಲ್ ಆದ ಮೇಲೆ ಮಾಡಿಸುವುದು ಒಳ್ಳೆಯದು, ಆಗ ಸೀಲಿನಲ್ಲಿರುವ ಬರಹವೂ ಅನುವಾದದಲ್ಲಿ ಸೇರುತ್ತದೆ. ಅಪೊಸ್ಟಿಲ್‌ಗೆ ಒಪ್ಪಂದ ಯಾವ ಗಡುವೂ ಇಟ್ಟಿಲ್ಲ. ಆದರೆ ಪೊಲೀಸ್ ಕ್ಲಿಯರೆನ್ಸ್ ಹಳೆಯದಾದರೆ ಕೇಳಿದವರು ಒಪ್ಪದೇ ಇರಬಹುದು. ಅದನ್ನು ಕೊನೆಗೆ ಮಾಡಿಸಿ.

ಏಜೆಂಟರ ಮೂಲಕ ಮಾಡಿಸುವುದು ತಪ್ಪಲ್ಲ, ದೂರದ ಊರಿನವರಿಗೆ ಅದೇ ಅನುಕೂಲ. ಆದರೆ ವಿಶ್ವವಿದ್ಯಾಲಯಕ್ಕೆ ಗೊತ್ತಾಗದ ಹಾಗೆ, ಮೂಲ ಪ್ರತಿ ಇಲ್ಲದೆ, ಎರಡೇ ದಿನದಲ್ಲಿ ಮಾಡಿಕೊಡುತ್ತೇನೆ ಎನ್ನುವವರಿಗೆ ಒಂದು ಹಾಳೆಯನ್ನೂ ಕೊಡಬೇಡಿ. ಪ್ರತಿ ಅಪೊಸ್ಟಿಲ್‌ಗೂ ಒಂದು ನಂಬರ್ ಇರುತ್ತದೆ, ಅದನ್ನು ಕೊಟ್ಟ ಕಚೇರಿ ತನ್ನ ರಿಜಿಸ್ಟರಿನಲ್ಲಿ ಬರೆದಿಡಲೇಬೇಕು. ಬಹಳ ದೇಶಗಳಲ್ಲಿ ಈ ರಿಜಿಸ್ಟರ್ ಆನ್‌ಲೈನ್‌ನಲ್ಲೇ ಇದೆ. ನಿಮ್ಮ ಕಾಗದ ಕೈಗೆ ಬಂದ ದಿನವೇ ಆ ನಂಬರ್ ಹಾಕಿ ನೋಡಿ. ಆನ್‌ಲೈನ್ ಇಲ್ಲದಿದ್ದರೆ ಕಚೇರಿಗೇ ಬರೆದು ಕೇಳಿ, ಉತ್ತರ ಕೊಡುವುದು ಅವರ ಕರ್ತವ್ಯ ಎಂದು ಒಪ್ಪಂದದಲ್ಲೇ ಇದೆ.