ಹೊತ್ತದ ಎರಡನೇ ಮೋಟಾರಿಗೂ ಚಪ್ಪಾಳೆ ಹೊಡೆಯಿರಿ

ನಮಸ್ಕಾರ. ಇವತ್ತು ಸ್ವಲ್ಪ ತಕರಾರು ತೆಗೆಯೋಣ ಅಂತ ಬಂದಿದ್ದೇನೆ.

ಹವ್ಯಾಸಿಗಳು ಹಾರಿಸುವ ಎರಡು ಹಂತದ ಹೈ-ಪವರ್ ರಾಕೆಟ್ ಒಂದು ಮೇಲೆ ಹೋಯಿತು ಅಂದುಕೊಳ್ಳಿ. ಕೆಳಗಿನ ಹಂತ, ಅಂದರೆ ಬೂಸ್ಟರ್, ಉರಿದು ಮುಗಿಯಿತು, ಕಳಚಿಕೊಂಡಿತು. ಎಲ್ಲರೂ ಕತ್ತೆತ್ತಿ ಕಾಯುತ್ತಿದ್ದಾರೆ. ಎರಡನೇ ಮೋಟಾರ್ ಹೊತ್ತಲೇ ಇಲ್ಲ. ಮೇಲಿನ ಭಾಗ ಸುಮ್ನೆ ಇನ್ನೊಂದಿಷ್ಟು ಏರಿ, ಪ್ಯಾರಾಚೂಟ್ ಬಿಚ್ಚಿ ಇಳಿಯಿತು. ಕೆಳಗೆ ನಿಂತವರೆಲ್ಲ ‘ಛೇ, ಕೈಕೊಟ್ಟಿತು’ ಅಂತಾರೆ. ಒಳಗಿನ ಕಂಪ್ಯೂಟರೇ ಬೇಡ ಅಂತ ತೀರ್ಮಾನಿಸಿ ಹೊತ್ತಿಸದೆ ಬಿಟ್ಟಿದ್ದರೆ ಅದನ್ನು ಸೋಲು ಅಂತ ನಾನು ಒಪ್ಪೋದಿಲ್ಲ. ಅವತ್ತು ಅದು ಮಾಡಿದ ಒಳ್ಳೆಯ ಕೆಲಸವೇ ಅದು. ಫಿನ್, ಅಂದರೆ ಬಾಲದ ರೆಕ್ಕೆ, ಲೋಹದ್ದಾಗಿದ್ದರಂತೂ ಎರಡು ಮಾತೇ ಇಲ್ಲ.

ಫಿನ್ನಿಗೂ ಇದಕ್ಕೂ ಏನು ಸಂಬಂಧ ಅಂತೀರಾ? ಹೇಳುತ್ತೇನೆ.

ಅಲ್ಯೂಮಿನಿಯಂ ಫಿನ್ ಹಾಕುವುದು ಮುಖ್ಯವಾಗಿ ಫ್ಲಟರ್ ಭಯಕ್ಕೆ. ವೇಗ ಒಂದು ಮಿತಿ ದಾಟಿದರೆ ಫಿನ್ ನಡುಗಲು ಶುರುವಾಗುತ್ತದೆ. ನಡುಕಕ್ಕೆ ಗಾಳಿಯೇ ಬಲ ತುಂಬುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಫಿನ್ ಕಿತ್ತು ಹೋಗಿರುತ್ತದೆ. ಹವ್ಯಾಸಿಗಳು ಇವತ್ತಿಗೂ ಬಳಸುವ ಲೆಕ್ಕಕ್ಕೆ ಮೂಲ 1958ರ ಒಂದು ನಾಕಾ ವರದಿ. ನಾಸಾಗಿಂತ ಮುಂಚೆ ಇದ್ದ ಸಂಸ್ಥೆ ಅದು. ಆ ಲೆಕ್ಕದಲ್ಲಿ ಎರಡು ಸಂಗತಿ ಎದ್ದು ಕಾಣುತ್ತವೆ. ವಸ್ತು ತಿರುಚಿಗೆ ಎಷ್ಟು ಗಟ್ಟಿ, ಫಿನ್ ಎಷ್ಟು ದಪ್ಪ. ಅದೇ ಆಕಾರದ ಫಿನ್ನಿನ ದಪ್ಪ ಎರಡು ಪಟ್ಟು ಮಾಡಿದರೆ ಫ್ಲಟರ್ ವೇಗ ಸುಮಾರು 2.8 ಪಟ್ಟು ಮೇಲೆ ಹೋಗುತ್ತದೆ. ಅಂದರೆ ಎಷ್ಟೋ ರಾಕೆಟ್‌ಗಳಿಗೆ ಲೋಹ ಬೇಕಾಗಿಯೇ ಇರಲಿಲ್ಲ, ಇನ್ನಷ್ಟು ದಪ್ಪದ ಫೈಬರ್‌ಗ್ಲಾಸ್ ಸಾಕಿತ್ತು. ಅಮೆರಿಕದ ರಾಕೆಟ್ ಹವ್ಯಾಸಿಗಳ ಸಂಘ ಎನ್‌ಎಆರ್‌ನ ಸುರಕ್ಷತಾ ನಿಯಮದಲ್ಲೂ ಹಗುರ ವಸ್ತುಗಳೇ ಮೊದಲು ಬರುತ್ತವೆ: ಕಾಗದ, ಮರ, ರಬ್ಬರ್, ಪ್ಲಾಸ್ಟಿಕ್, ಫೈಬರ್‌ಗ್ಲಾಸ್. ಲೋಹ, ಅದೂ ಬಾಗುವಂಥದ್ದು, ಅಗತ್ಯ ಬಿದ್ದಾಗ ಮಾತ್ರ. ಫಳಫಳ ಹೊಳೆಯುತ್ತದೆ ಅನ್ನುವುದು ಅಗತ್ಯ ಅಲ್ಲ, ಅಲ್ವಾ?

ಇನ್ನೊಂದು ತಮಾಷೆ ನೋಡಿ. ಫಿನ್ ಲೋಹದ್ದು, ಅದನ್ನು ಹಿಡಿದಿರುವುದು ಎಪಾಕ್ಸಿ ಅಂಟು! ಶಬ್ದದ ಎರಡು ಪಟ್ಟು ವೇಗದಲ್ಲಿ, ನೆಲಮಟ್ಟದ ಗಾಳಿಯಲ್ಲಿ, ಫಿನ್ನಿನ ಮುಂದಿನ ಅಂಚಿಗೆ ಬಡಿದು ನಿಲ್ಲುವ ಗಾಳಿಯ ಬಿಸಿ 240 ಡಿಗ್ರಿ ಸೆಲ್ಸಿಯಸ್ ಹತ್ತಿರ. ಕೆಲವೇ ಸೆಕೆಂಡು, ನಿಜ. ಆದರೂ ಸಾಮಾನ್ಯ ಎಪಾಕ್ಸಿ ಅದಕ್ಕಿಂತ ಎಷ್ಟೋ ಮೊದಲೇ ಮೆತ್ತಗಾಗುತ್ತದೆ. ಮೇಲಾಗಿ ಅಲ್ಯೂಮಿನಿಯಂ ಮೈಮೇಲೆ ಆಕ್ಸೈಡ್ ಪೊರೆ ಇರುತ್ತದೆ. ಮರಳು ಕಾಗದದಲ್ಲಿ ಚೆನ್ನಾಗಿ ಉಜ್ಜಿ, ಒರೆಸಿ, ಆಗಲೇ ಅಂಟು ಹಾಕಬೇಕು. ನಾಳೆ ಹಾಕೋಣ ಅಂತ ಬಿಟ್ಟರೆ ಉಜ್ಜಿದ್ದು ದಂಡ. ನನ್ನ ಕೇಳಿದರೆ, ಲೋಹದ ಫಿನ್ನಿಗೆ ಬೋಲ್ಟೇ ವಾಸಿ.

ಈಗ ನನ್ನ ತಕರಾರಿಗೆ ಬರುತ್ತೇನೆ. ಪ್ಲೈವುಡ್ ಫಿನ್ನಿನ ರಾಕೆಟ್ ಅತಿ ವೇಗದಲ್ಲಿ ದಾರಿ ತಪ್ಪಿದರೆ ಎಷ್ಟೋ ಸಲ ಫಿನ್ ಮುರಿದು, ಗಿರಗಿರ ಉರುಳಿ, ವೇಗ ಕಳೆದುಕೊಂಡು ಹತ್ತಿರದಲ್ಲೇ ಬೀಳುತ್ತದೆ. ಲೋಹದ ಫಿನ್ ಮುರಿಯುವುದಿಲ್ಲ. ಮೂತಿ ಯಾವ ಕಡೆ ತಿರುಗಿದೆಯೋ ಆ ಕಡೆಗೇ ನೆಟ್ಟಗೆ ಒಯ್ಯುತ್ತದೆ. ಮೇಲ್ಹಂತ 30 ಡಿಗ್ರಿ ವಾಲಿರುವಾಗ ಮೋಟಾರ್ ಹೊತ್ತಿತು ಅನ್ನಿ. ಆ ಮೋಟಾರ್ ಕೊಡುವ ವೇಗದ ಅರ್ಧದಷ್ಟು ಪಕ್ಕಕ್ಕೇ ಹೋಗುತ್ತದೆ. ಆಮೇಲೆ ಅದು ಯಾರ ಹೊಲದಲ್ಲಿ ಇಳಿಯುತ್ತದೋ ಯಾರಿಗೆ ಗೊತ್ತು? ಹಂತ ಕಳಚಿದ ಮೇಲೆ ಕೆಲವು ಸೆಕೆಂಡು ಕಾಯುವುದಕ್ಕೆ ಒಳ್ಳೆಯ ಕಾರಣವೇ ಇದೆ. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳುವು, ಎಳೆತ ಕಡಿಮೆ. ಆದರೆ ಕಾಯುವ ಪ್ರತಿ ಸೆಕೆಂಡಿಗೂ ಗುರುತ್ವ ಅದನ್ನು ಇನ್ನಷ್ಟು ವಾಲಿಸುತ್ತದೆ. ಬರೀ ಟೈಮರ್ ನಂಬಿದರೆ ಅದಕ್ಕೆ ಇದು ಕಾಣುವುದಿಲ್ಲ. ಹಾಗಾಗಿ ಎತ್ತರ ಅಳೆಯುವ ಆಲ್ಟಿಮೀಟರ್ ಬೇಕು, ಅದರಲ್ಲಿ ವಾಲಿದ್ದನ್ನು ಅಳೆಯುವ ಗೈರೋ ಇರಬೇಕು. ವಾಲಿದ್ದು ಮಿತಿಯೊಳಗೆ ಇದೆಯಾ, ಇಷ್ಟು ಹೊತ್ತಿಗೆ ಇರಬೇಕಾದ ಎತ್ತರ ಮುಟ್ಟಿದೆಯಾ? ಎರಡಕ್ಕೂ ಹೌದು ಅಂದರೆ ಮಾತ್ರ ಮೋಟಾರ್ ಹೊತ್ತಿಸುವ ಇಗ್ನೈಟರ್‌ಗೆ ಕರೆಂಟು.

ಕಂಪ್ಯೂಟರ್ ಬೇಡ ಅಂದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿದ್ದೀರಾ? ಇಲ್ಲೇ ಜಾಸ್ತಿ ಜನ ಜಾರುವುದು. ಉರಿಯದ ಮೋಟಾರ್ ಭಾರ. ಅದು ಬಾಲದಲ್ಲಿದೆ, ಲೋಹದ ಫಿನ್ನೂ ಅಲ್ಲೇ ಇದೆ. ಎರಡೂ ಸೇರಿ ತೂಕದ ಕೇಂದ್ರವನ್ನು ಹಿಂದಕ್ಕೆ ಎಳೆಯುತ್ತವೆ. ನೆಟ್ಟಗೆ ಹಾರಬೇಕಾದರೆ ಈ ಸ್ಥಿತಿಯಲ್ಲೂ ಅದು ಒತ್ತಡ ಕೇಂದ್ರಕ್ಕಿಂತ (ಗಾಳಿಯ ಬಲವೆಲ್ಲ ಒಟ್ಟಾಗಿ ಬೀಳುವ ಬಿಂದು) ಕಡಿಮೆ ಎಂದರೂ ರಾಕೆಟ್ಟಿನ ಒಂದು ವ್ಯಾಸದಷ್ಟು ಮುಂದೆ ಇರಬೇಕು. ಪ್ಯಾರಾಚೂಟ್ ಅಳತೆಯನ್ನೂ ತುಂಬಿದ ಮೋಟಾರಿನ ತೂಕಕ್ಕೇ ನೋಡಬೇಕು. ಪ್ಯಾರಾಚೂಟ್ ಬಿಚ್ಚುವ ಕೆಲಸವನ್ನು ಮೋಟಾರಿನ ಡಿಲೇಗೆ (ಮೋಟಾರ್ ಉರಿದು ಸ್ವಲ್ಪ ಹೊತ್ತಾದ ಮೇಲೆ ಸಿಡಿಯುವ ಮದ್ದು) ಒಪ್ಪಿಸಲೇಬಾರದು. ಮೋಟಾರೇ ಹೊತ್ತದಿದ್ದರೆ ಡಿಲೇ ಎಲ್ಲಿಂದ ಬರಬೇಕು? ಇಳಿದ ಮೇಲೂ ಒಳಗೆ ಜೀವಂತ ಇಗ್ನೈಟರ್ ಇರುತ್ತದೆ. ಸ್ವಿಚ್ ಆಫ್ ಮಾಡುವ ತನಕ ಬೆಂಕಿ ಹೊರಬರುವ ನಾಜಲ್ ಎದುರು ಯಾರೂ ನಿಲ್ಲುವ ಹಾಗಿಲ್ಲ.

ಎತ್ತರಕ್ಕಾಗಿಯೇ ಎರಡು ಹಂತ ಅನ್ನುವವರಿಗೆ ಒಂದು ಮಾತು. 1949ರ ಫೆಬ್ರವರಿ 24ರಂದು ಜರ್ಮನಿಯ ವಿ-2 ಯುದ್ಧ ರಾಕೆಟ್ ಒಂದರ ನೆತ್ತಿ ಮೇಲೆ ವ್ಯಾಕ್ ಕಾರ್ಪೊರಲ್ ಎಂಬ ಚಿಕ್ಕ ರಾಕೆಟ್ ಕೂರಿಸಿ ಹಾರಿಸಿದಾಗ ಅದು 390 ಕಿಲೋಮೀಟರ್ ಎತ್ತರ ಮುಟ್ಟಿತು. ಎರಡನೇ ಹಂತದ ತಾಕತ್ತು ಅದು, ಒಪ್ಪಿದೆ. ಆದರೆ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 2024ರಲ್ಲಿ 143 ಕಿಲೋಮೀಟರ್ ಹೋಗಿದ್ದು ಒಂದೇ ಹಂತದಲ್ಲಿ. ಎರಡನೇ ಹಂತ ನೀವು ಬೇಕು ಅಂತ ಮೈಮೇಲೆ ಎಳೆದುಕೊಂಡ ಕಷ್ಟ. ಕಷ್ಟಪಡುವುದರಲ್ಲೇ ಮಜಾ ಇದೆ ಅನ್ನುವುದಾದರೆ ನಾನೂ ನಿಮ್ಮ ಪಕ್ಷವೇ.

ಹಾರಿಸುವ ಮುಂಚೆ ನೋಡಲು ಬಂದವರಿಗೆ ಮಿತಿ ಎಷ್ಟು ಡಿಗ್ರಿ ಅಂತ ಹೇಳಿಬಿಡಿ. ಅದಕ್ಕಿಂತ ವಾಲಿದರೆ ಇದು ಹೊತ್ತುವುದಿಲ್ಲ, ಹೊತ್ತಬಾರದು ಅಂತಲೂ ಹೇಳಿ. ಆಮೇಲೆ ಯಾರು ‘ಛೇ’ ಅಂತಾರೆ ನೋಡೋಣ.