ರಾಡಮಾಂಟೇಡ್: ಬಡಾಯಿಗೆ ಹೆಸರು ಕೊಟ್ಟ ರಾಜ

ಕೇಳುಗರಿಗೆಲ್ಲ ನಮಸ್ಕಾರ.

ಬಡಾಯಿ ಮಾತಿಗೆ ಇಂಗ್ಲಿಷಿನಲ್ಲಿ ‘ರಾಡಮಾಂಟೇಡ್’ ಅಂತ ಒಂದು ಪದ ಇದೆ. ಮಾತುಕತೆಯಲ್ಲಿ ಅಷ್ಟಾಗಿ ಕೇಳಿಸುವುದಿಲ್ಲ. ಹಳೆಯ ಪುಸ್ತಕಗಳಲ್ಲೋ, ರಾಜಕಾರಣಿಯ ಭಾಷಣವನ್ನು ಗೇಲಿ ಮಾಡುವ ಬರಹದಲ್ಲೋ ಕಣ್ಣಿಗೆ ಬೀಳುತ್ತದೆ. ಅಬ್ಬರ ಜಾಸ್ತಿ, ಹುರುಳು ಕಡಿಮೆ ಇರುವ ಜಂಬದ ಮಾತು ಅಂತ ಅರ್ಥ.

ಈ ಪದ ಹುಟ್ಟಿದ್ದು ಇಟಲಿಯ ಕಾವ್ಯದ ಒಂದು ಪಾತ್ರದಿಂದ. ಅವನು ರೊಡೊಮಾಂಟೆ, ಅಲ್ಜೀರ್ಸ್‌ನ ರಾಜ. ಹೆಸರಿನಲ್ಲೇ ಬೆಟ್ಟ ಉರುಳಿಸುವ ಸದ್ದಿದೆ. 15ನೇ ಶತಮಾನದಲ್ಲಿ ಅವನನ್ನು ಕಾವ್ಯಕ್ಕೆ ತಂದವನು ಬೊಯಾರ್ಡೊ, ಸ್ಕಾಂಡಿಯಾನೊ ಊರಿನ ದೊರೆ. ಈ ಹೆಸರು ಹೊಳೆದ ಖುಷಿಗೆ ಅವನು ಊರಿನ ಚರ್ಚಿನ ಗಂಟೆ ಹೊಡೆಸಿದನಂತೆ. ಕಟ್ಟುಕತೆಯೇ ಇರಬಹುದು. ಆದರೂ ಕೇಳಲು ಚೆಂದ, ಅಲ್ವಾ?

ಈ ಪದದ ಬಗ್ಗೆ ನನ್ನದೊಂದು ತಕರಾರಿದೆ. ನಾವು ‘ಉತ್ತರನ ಪೌರುಷ ಒಲೆ ಮುಂದೆ’ ಅನ್ನುತ್ತೇವೆ. ಅದು ಸರಿ, ಉತ್ತರಕುಮಾರ ಕೌರವರ ಸೇನೆ ಕಂಡೊಡನೆ ರಥದಿಂದ ಇಳಿದು ಓಡಿದವನು. ರೊಡೊಮಾಂಟೆ ಹಾಗಲ್ಲ. ಆಡಿದ್ದನ್ನು ಮಾಡಿಯೇ ತೀರುವ ಆಸಾಮಿ.

ಫ್ರಾನ್ಸಿನ ಮೇಲೆ ದಂಡೆತ್ತಿ ಹೋಗಲು ಹಡಗುಗಳು ಸಿದ್ಧವಾಗಿವೆ. ಗಾಳಿ ಮಾತ್ರ ಎದುರಿಗಿದೆ. ಅನುಭವಿ ನಾವಿಕ ಬೇಡ ಅನ್ನುತ್ತಾನೆ. ಇವನು ಗಾಳಿಗೇ ಸವಾಲು ಹಾಕುತ್ತಾನೆ: ಬೀಸಲು ಬಂದರೆ ಬೀಸು, ನಾನು ನಿನ್ನ ಆಳಲ್ಲ, ಸಮುದ್ರದ ಆಳೂ ಅಲ್ಲ. ಅಂದು ರಾತ್ರಿಯೇ ಹೊರಡುತ್ತಾನೆ. ಬಿರುಗಾಳಿಗೆ ಎಷ್ಟೋ ಹಡಗು ಮುಳುಗುತ್ತವೆ. ಉಳಿದವರೊಂದಿಗೆ ದಡ ಮುಟ್ಟಿ, ಅಲ್ಲಿ ಕಾದಿದ್ದ ಸೇನೆಯ ಮೇಲೆ ಬೀಳುತ್ತಾನೆ. ಹಟಮಾರಿ ಅನ್ನಿ, ಮೂರ್ಖ ಅನ್ನಿ. ಬಾಯಿಬಡುಕ ಅನ್ನುವುದು ಕಷ್ಟ.

ಬೊಯಾರ್ಡೊ ಕತೆ ಮುಗಿಸದೆ 1494ರಲ್ಲಿ ತೀರಿಕೊಂಡ. ಅರಿಯೊಸ್ಟೊ ಎಂಬ ಇನ್ನೊಬ್ಬ ಇಟಲಿಯ ಕವಿ ಅದನ್ನು ಮುಂದುವರಿಸಿದ. ಅದೇ 1516ರಲ್ಲಿ ಮೊದಲು ಅಚ್ಚಾದ ‘ಒರ್ಲಾಂಡೊ ಫುರಿಯೊಸೊ’. ಇದರಲ್ಲಿ ರೊಡೊಮಾಂಟೆ ಕಂದಕ ಹಾರಿ ಒಬ್ಬನೇ ಪ್ಯಾರಿಸ್ ಒಳಗೆ ನುಗ್ಗುತ್ತಾನೆ. ಇಡೀ ನಗರ ಮೇಲೆ ಬಿದ್ದಾಗ ಸೇನ್ ನದಿಗೆ ಧುಮುಕಿ, ಕವಚ ತೊಟ್ಟುಕೊಂಡೇ ಈಜಿ ಪಾರಾಗುತ್ತಾನೆ.

ಅವನ ಜಂಬ ನಿಜಕ್ಕೂ ಮುಗ್ಗರಿಸುವುದು ಹೆಣ್ಣಿನ ವಿಷಯದಲ್ಲಿ. ಅವನೊಂದಿಗೆ ಮದುವೆ ಗೊತ್ತಾಗಿದ್ದ ಡೊರಾಲಿಚೆಯನ್ನು ಮಂಡ್ರಿಕಾರ್ಡೊ ಎಂಬ ವೀರ ಹೊತ್ತೊಯ್ದಿರುತ್ತಾನೆ. ಇಬ್ಬರಿಗೂ ಜಗಳ ಹತ್ತುತ್ತದೆ. ಹುಡುಗಿಯೇ ಆರಿಸಲಿ ಎಂದು ತೀರ್ಮಾನವಾಗುತ್ತದೆ. ತನ್ನನ್ನೇ ಆರಿಸುತ್ತಾಳೆ ಅಂತ ರೊಡೊಮಾಂಟೆಗೆ ಎಳ್ಳಷ್ಟೂ ಅನುಮಾನವಿಲ್ಲ. ಅವಳು ತಲೆ ತಗ್ಗಿಸಿ ಮಂಡ್ರಿಕಾರ್ಡೊ ಹೆಸರು ಹೇಳುತ್ತಾಳೆ! ಆಮೇಲೆ ಇವನದು ದಾರಿಯುದ್ದಕ್ಕೂ ಹೆಂಗಸರಿಗೆ ಬೈಗುಳವೇ ಬೈಗುಳ.

ಕಾವ್ಯದ ಕೊನೆಯ ಪದ್ಯದಲ್ಲಿ ಅವನು ರುಜೇರೊ ಎಂಬ ವೀರನ ಕೈಯಲ್ಲಿ ಸಾಯುತ್ತಾನೆ. ಹೋಗುವ ಪ್ರಾಣ ಆಗಲೂ ಶಾಪ ಹಾಕುತ್ತಲೇ ಹೋಗುತ್ತದೆ. ಅವನ ಹೆಸರು ಮಾತ್ರ ಫ್ರೆಂಚಿಗೆ ದಾಟಿತು. ಅಲ್ಲಿಂದ 17ನೇ ಶತಮಾನದ ಹೊತ್ತಿಗೆ ಇಂಗ್ಲಿಷಿಗೂ ಬಂತು. ಈಜಿದ್ದು, ಕಂದಕ ಹಾರಿದ್ದು ಯಾವುದೂ ಜೊತೆಗೆ ಬರಲಿಲ್ಲ.

ನಮಸ್ಕಾರ.