17 ವರ್ಷ ನಿಂತಿದ್ದ ಪದ್ಮಿನಿ: ಕೀ ತಿರುಗಿಸುವ ಮೊದಲು

[ದೃಶ್ಯ: ಕೊಟ್ಟಿಗೆ. ತೆಂಗಿನ ಗರಿ ಸರಿಸಿದರೆ ದೂಳು ಮೆತ್ತಿದ ಕಾರು.]

ನಮಸ್ಕಾರ. ತಿಪಟೂರು ಹತ್ತಿರ ನಮ್ಮ ಮಾವನ ತೋಟದಲ್ಲಿದ್ದೇನೆ. ಈ ಪ್ರೀಮಿಯರ್ ಪದ್ಮಿನಿ ಇಲ್ಲಿ ನಿಂತು 17 ವರ್ಷ ಆಯ್ತು. ಊರವರಿಗೆ ಇದು ಇವತ್ತಿಗೂ ಫಿಯೆಟ್ಟೇ. ತಪ್ಪೇನಿಲ್ಲ, ಮುಂಬೈನ ಕುರ್ಲಾದಲ್ಲಿ ತಯಾರಾಗುತ್ತಿದ್ದ ಫಿಯೆಟ್ 1100 ಕಾರಿಗೇ ಮುಂದೆ ಪದ್ಮಿನಿ ಅಂತ ಹೆಸರಾಯಿತು. 1089 ಸಿಸಿ ಎಂಜಿನ್. ಗೇರ್ ಸ್ಟೇರಿಂಗ್ ಪಕ್ಕದಲ್ಲೇ.

ಹೊಸ ಬ್ಯಾಟರಿ ಹಾಕಿ ಕೀ ತಿರುಗಿಸೋಣ ಅಂತ ಮಾವನ ಮಗ ಕುಣಿಯುತ್ತಿದ್ದ. ತಡಿಯಪ್ಪಾ ಅಂದೆ. ಇಷ್ಟು ವರ್ಷ ನಿಂತರೆ ಎಂಜಿನ್ ಒಳಗೆ ಓಡಾಡುವ ಪಿಸ್ಟನ್ನಿನ ರಿಂಗು ತುಕ್ಕು ಹಿಡಿದು ಸಿಲಿಂಡರಿಗೆ ಅಂಟಿಕೊಂಡಿರಬಹುದು. ಸ್ಟಾರ್ಟರ್ ಜಗ್ಗಿದರೆ ರಿಂಗ್ ಮುರಿಯುತ್ತದೆ, ಇಲ್ಲ ಸಿಲಿಂಡರಿನ ಒಳಗೋಡೆಗೆ ಗೀರು ಬೀಳುತ್ತದೆ. ಆಮೇಲೆ ಎಂಜಿನ್ನೇ ಇಳಿಸಬೇಕು.

[ಹತ್ತಿರದಿಂದ: ಸ್ಪಾರ್ಕ್ ಪ್ಲಗ್ ಬಿಚ್ಚುವ ಕೈ.]

ನಾಲ್ಕೂ ಪ್ಲಗ್ ಬಿಚ್ಚಿ, ಒಂದೊಂದು ತೂತಿಗೂ ಎರಡು ಚಮಚ ಎಂಜಿನ್ ಆಯಿಲ್ ಹಾಕಿ ರಾತ್ರಿ ಬಿಟ್ಟೆವು. ಬೆಳಗ್ಗೆ ಎಂಜಿನ್ ಜೊತೆಗೇ ತಿರುಗುವ ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಕೊಟ್ಟು ಮೆಲ್ಲಗೆ ಒತ್ತಿದೆ. ಅಲುಗಲಿಲ್ಲ. ಜಾಸ್ತಿ ಜನ ಸ್ಪ್ಯಾನರಿಗೆ ಉದ್ದನೆಯ ಪೈಪ್ ಸಿಕ್ಕಿಸಿ ಜಗ್ಗುವುದು ಇಲ್ಲೇ. ದಯವಿಟ್ಟು ಬೇಡ. ಇನ್ನಷ್ಟು ಆಯಿಲ್ ಹಾಕಿ, ಕಾಯಿರಿ. ಮೂರನೇ ದಿನ ಪ್ಲಗ್ ತೂತಿಂದ ಸೊಯ್ ಅಂತ ಗಾಳಿ ಬಂತು. ಎಂಜಿನ್ ತಿರುಗಿತು!

[ದೃಶ್ಯ: ಏರ್ ಕ್ಲೀನರ್ ಮುಚ್ಚಳ ತೆಗೆಯುವುದು.]

ಒಳಗೆ ನೋಡಿ. ಇಲಿಗೂಡು. ತೆಂಗಿನ ನಾರು ತಂದು ಎಷ್ಟು ಚೆನ್ನಾಗಿ ಕಟ್ಟಿದೆ, ಅಲ್ವಾ? ಮೊದಲ ದಿನವೇ ಸ್ಟಾರ್ಟ್ ಮಾಡಿದ್ದರೆ ಆ ನಾರು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಪಾಲು.

ಹಳೇ ಪೆಟ್ರೋಲ್ ವಾರ್ನಿಷ್ ವಾಸನೆ ಹೊಡೆಯುತ್ತಿತ್ತು, ಮುಟ್ಟಿದರೆ ಬೆಲ್ಲದ ಪಾಕದ ಹಾಗೆ ಅಂಟು. ಅದನ್ನು ಬಸಿದು, ಕಾರ್ಬುರೇಟರಿನೊಳಗೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ ತೊಳೆದು, ಕ್ಯಾನಿನಿಂದ ಹೊಸ ಪೆಟ್ರೋಲ್ ಕೊಟ್ಟೆವು. ಕ್ಯಾನ್ ಎಂಜಿನ್ನಿಂದ ದೂರ ಇರಲಿ. ಆಯಿಲ್, ಕೂಲೆಂಟ್ ಹೊಸದು. ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಪಾಯಿಂಟಿನ ಕಿಲುಬನ್ನು ನುಣುಪಾದ ಉಪ್ಪು ಕಾಗದದಿಂದ ಉಜ್ಜಿದೆವು. ಇಷ್ಟಕ್ಕೇ ಕಿಡಿ ಬಂತು.

ಎರಡು ಸಲ ಕೆಮ್ಮಿ ಮೂರನೇ ಸಲಕ್ಕೆ ಹಿಡಿಯಿತು. ಕೊಟ್ಟಿಗೆ ತುಂಬಾ ಹೊಗೆ. ಗಾಬರಿ ಬೇಡ, ನಾವೇ ಸಿಲಿಂಡರಿಗೆ ಹಾಕಿದ ಆಯಿಲ್ ಉರಿಯುತ್ತಿದೆ.

[ದೃಶ್ಯ: ಮಾವ ಡ್ರೈವರ್ ಸೀಟಿನಲ್ಲಿ.]

ಒಂದು ರೌಂಡ್ ಹೊಡೆಯೋಣ ಅಂದರು ಮಾವ. ಬ್ರೇಕ್ ಒತ್ತಿ ನೋಡಿ ಅಂದೆ. ಪೆಡಲ್ ಸೀದಾ ನೆಲಕ್ಕೆ! ಚಕ್ರದಲ್ಲಿ ಬ್ರೇಕ್ ಒತ್ತುವ ವೀಲ್ ಸಿಲಿಂಡರಿನ ರಬ್ಬರ್ ಕಲ್ಲಾಗಿದೆ. ನಾಲ್ಕೂ ಚಕ್ರದ ಬ್ರೇಕ್ ಡ್ರಮ್ ಬಿಚ್ಚಬೇಕು, ಹೊಸ ರಬ್ಬರ್ ಕಿಟ್ ತುಮಕೂರಿಂದ ಬರಬೇಕು. ಅಲ್ಲಿವರೆಗೂ ಚಕ್ರದಡಿಯ ಕಲ್ಲು ತೆಗೆಯುವ ಹಾಗಿಲ್ಲ ಅಂತ ಮಾವನಿಗೆ ಹೇಳಿದ್ದೇನೆ. ಅವರು ಸೀಟಿಂದ ಇನ್ನೂ ಇಳಿದಿಲ್ಲ.